ವಸ್ತುವಿನ ಆಯ್ಕೆ ಮತ್ತು ಕಲಾವಿದನ ಅಂತಃಪ್ರೇರಣೆ: ಕೆ. ಕೆ. ಹೆಬ್ಬಾರರ ಚಿತ್ರಗಳನ್ನು ಕುರಿತ ಒಂದು ವಿವೇಚನೆ

1

ಚಿತ್ರಕಾರನೊಬ್ಬನು ತನ್ನ ವಸ್ತುವನ್ನು ಹೇಗೆ, ಯಾವ ಒತ್ತಡದಿಂದ ಆರಿಸಿಕೊಳ್ಳುತ್ತಾನೆ ಎಂಬುದು ನಮ್ಮ ಕಲಾಪರಂಪರೆಯಲ್ಲಿ ಬಹುಕಾಲ ಒಂದು ಪ್ರಶ್ನೆಯಾಗಿಯೇ ಇರಲಿಲ್ಲ. ದೇಗುಲದ ಶಿಲ್ಪಿಗೆ ವಸ್ತುವನ್ನು ಆಗಮ ಒದಗಿಸುತ್ತಿತ್ತು. ಆಸ್ಥಾನದ ಚಿತ್ರಗಾರನಿಗೆ ಅರಸನ ಅಪ್ಪಣೆ ಒದಗಿಸುತ್ತಿತ್ತು. ಅಂಗಳದ ರಂಗವಲ್ಲಿಗೆ ಹಬ್ಬ ಒದಗಿಸುತ್ತಿತ್ತು. ಕಲಾವಿದನ ಪ್ರತಿಭೆ ಪ್ರಕಟವಾಗುತ್ತಿದ್ದುದು ಕೊಟ್ಟ ವಸ್ತುವಿನ ನಿರ್ವಹಣೆಯಲ್ಲಿಯೇ ಹೊರತು ಅದರ ಆಯ್ಕೆಯಲ್ಲಿ ಅಲ್ಲ. ಆಯ್ಕೆಯ ಸ್ವಾತಂತ್ರ್ಯ ಮತ್ತು ಆ ಸ್ವಾತಂತ್ರ್ಯದ ಬೆನ್ನಿಗೇ ಬರುವ ಹೊರೆ ಎರಡೂ ಆಧುನಿಕ ಕಲಾವಿದನ ಪಾಲಿಗೆ ಬಂದಂಥವು. ಏನನ್ನು ಬೇಕಾದರೂ ಚಿತ್ರಿಸಬಹುದು ಎಂಬ ಸ್ಥಿತಿಯಲ್ಲಿ ಇದನ್ನೇ ಏಕೆ ಚಿತ್ರಿಸಬೇಕು ಎಂಬುದಕ್ಕೆ ಅವನು ತನ್ನೊಳಗಿನಿಂದಲೇ ಉತ್ತರ ಹುಡುಕಿಕೊಳ್ಳಬೇಕಾಗುತ್ತದೆ.

ಈ ಪ್ರಶ್ನೆಯನ್ನು ಕಟ್ಟಿಂಗೇರಿ ಕೃಷ್ಣ ಹೆಬ್ಬಾರರ (1911–1996) ಕೃತಿಗಳ ಸಂದರ್ಭದಲ್ಲಿಟ್ಟು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹೆಬ್ಬಾರರನ್ನು ಆರಿಸಿಕೊಂಡುದಕ್ಕೆ ಕಾರಣಗಳಿವೆ. ಅವರು ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ಕಲಿತು, ಅಲ್ಲಿಯೇ ನೆಲೆಸಿ, ಸುಮಾರು ಆರು ದಶಕಗಳ ಕಾಲ ಆ ನಗರದಲ್ಲಿ ಕುಳಿತು ಚಿತ್ರ ಬರೆದವರು. ಹೊರನಾಡಿನಲ್ಲಿದ್ದು ಕನ್ನಡದ ಸಂಸ್ಕೃತಿಯನ್ನು ಅಭ್ಯಾಸ ಮಾಡುವ ನಮ್ಮಂಥವರಿಗೆ ಅವರ ಕಲಾಜೀವನ ಒಂದು ಉದಾಹರಣೆಯಷ್ಟೇ ಅಲ್ಲ, ಒಂದು ಸಮಸ್ಯೆಯೂ ಹೌದು. ಊರಿನಿಂದ ದೂರವಿರುವವನು ಊರನ್ನು ಕುರಿತು ಮಾಡುವ ಕೃತಿಯ ಬೇರು ಎಲ್ಲಿರುತ್ತದೆ ಎಂಬುದು ಆ ಸಮಸ್ಯೆ.

ಹೆಬ್ಬಾರರ ವಸ್ತುಗಳ ಬಗ್ಗೆ ಬಂದಿರುವ ಮಾತುಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು, ಅವರು ಹುಟ್ಟೂರಿನ ನೆನಪುಗಳ ಚಿತ್ರಕಾರರೆಂಬ ನಿಲುವು. ಯಕ್ಷಗಾನ, ನಾಗಮಂಡಲ, ಕೋಳಿ ಅಂಕ, ಮಳೆಗಾಲ ಇವೆಲ್ಲ ಅವರ ಬಾಲ್ಯದ ನೆನಪಿನ ಭಂಡಾರದಿಂದ ಹೊರಬಂದವೆಂದು ಈ ನಿಲುವು ಹೇಳುತ್ತದೆ. ಎರಡನೆಯದು, ಅವರು ಮೂಲತಃ ರೇಖೆಯ ಕಲಾವಿದರು, ವಸ್ತು ಅವರಿಗೆ ನೆಪಮಾತ್ರ ಎಂಬ ನಿಲುವು. 1964ರಲ್ಲಿ ಪ್ರಕಟವಾದ ಅವರ ರೇಖಾಚಿತ್ರಗಳ ಸಂಪುಟಕ್ಕೆ ‘ಹಾಡುವ ರೇಖೆ’ ಎಂಬರ್ಥದ ‘ದಿ ಸಿಂಗಿಂಗ್ ಲೈನ್’ ಎಂಬ ಹೆಸರು ಇದ್ದುದು ಈ ಎರಡನೆಯ ನಿಲುವಿಗೆ ಬಲ ಕೊಟ್ಟಿತು. ಇವೆರಡರಲ್ಲಿಯೂ ಸತ್ಯಾಂಶವಿದೆಯಾದರೂ ಎರಡೂ ಅಪೂರ್ಣವೆಂದು ನಮ್ಮ ಭಾವನೆ. ಊರು ಹೆಬ್ಬಾರರಿಗೆ ಪಿತ್ರಾರ್ಜಿತವಾಗಿ ಬಂದ ವಸ್ತುವಲ್ಲ, ಅವರು ಗಳಿಸಿಕೊಂಡ ವಸ್ತು. ಆ ಗಳಿಕೆಗೆ ಅವರು ಬಳಸಿದ ಸಾಧನ ಲಯ. ಆ ಸಾಧನದ ಶಕ್ತಿಯೂ ಮಿತಿಯೂ ಹಸಿವೆಂಬ ವಸ್ತುವಿನ ಮುಂದೆ ಬಯಲಾಗುತ್ತವೆ. ಈ ಮೂರು ಮಾತುಗಳನ್ನು ಮುಂದಿನ ಭಾಗಗಳಲ್ಲಿ ವಿವರಿಸಲು ಯತ್ನಿಸುತ್ತೇವೆ.

2

ಹೆಬ್ಬಾರರ ತಂದೆ ಗಣೇಶನ ಮೂರ್ತಿಗಳನ್ನು ಮಾಡುತ್ತಿದ್ದರು. ಕಲಾವಿದನ ಬಾಲ್ಯವನ್ನು ವರ್ಣಿಸುವವರು ಈ ಸಂಗತಿಯನ್ನು ಸಾಮಾನ್ಯವಾಗಿ ಕಲೆ ರಕ್ತಗತವಾಗಿ ಬಂದಿತೆಂಬುದಕ್ಕೆ ಸಾಕ್ಷಿಯಾಗಿ ಉಲ್ಲೇಖಿಸುತ್ತಾರೆ. ಆದರೆ ವಸ್ತುವಿನ ಆಯ್ಕೆಯ ದೃಷ್ಟಿಯಿಂದ ನೋಡಿದಾಗ ಅದರ ಅರ್ಥ ಬೇರೆಯಾಗುತ್ತದೆ. ಚೌತಿಯ ಮಣ್ಣಿನ ಮೂರ್ತಿ ಮಾಡುವವನು ಏನು ಮಾಡಬೇಕೆಂದು ಯೋಚಿಸಬೇಕಾಗಿಲ್ಲ. ವಸ್ತು ನಿಶ್ಚಿತ, ದಿನ ನಿಶ್ಚಿತ, ಮೂರ್ತಿ ನೀರಿಗೆ ಸೇರುವ ಗಳಿಗೆಯೂ ನಿಶ್ಚಿತ. ಅಂಥ ಮನೆಯ ಮಗ ಆಯ್ಕೆಯೇ ಕಷ್ಟವಾದ ಲೋಕವೊಂದಕ್ಕೆ ಬಂದು ಸೇರಿದ. ತಂದೆಯಿಂದ ಮಗನಿಗೆ ಬಂದುದು ಕೈಯ ಅಭ್ಯಾಸ. ಬಾರದೇ ಉಳಿದುದು ವಸ್ತು.

ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಕೆಲಕಾಲವಿದ್ದು, ಮುಂಬಯಿಗೆ ಹೋಗಿ, ಜಿ. ಎಸ್. ದಂಡಾವತಿಮಠರ ನೂತನ ಕಲಾಮಂದಿರದಲ್ಲಿ ಅಭ್ಯಾಸ ಮಾಡಿ, ಹೆಬ್ಬಾರರು ಸರ್ ಜೆ. ಜೆ. ಕಲಾಶಾಲೆಯಿಂದ 1938ರಲ್ಲಿ ಡಿಪ್ಲೊಮಾ ಪಡೆದರು. 1940ರಿಂದ 1945ರವರೆಗೆ ಅದೇ ಶಾಲೆಯಲ್ಲಿ ಅಧ್ಯಾಪಕರಾಗಿದ್ದರು. ಆ ಶಾಲೆಯ ಶಿಕ್ಷಣ ಯೂರೋಪಿನ ಅಕಾಡೆಮಿಗಳ ಮಾದರಿಯದು. ಎದುರಿಗೆ ಕುಳ್ಳಿರಿಸಿದ ಮನುಷ್ಯನನ್ನು, ಮೇಜಿನ ಮೇಲಿರಿಸಿದ ಪಾತ್ರೆಪಗಡಗಳನ್ನು ನೆರಳುಬೆಳಕಿನ ನಿಖರತೆಯೊಡನೆ ಬಿಡಿಸುವುದನ್ನು ಅದು ಕಲಿಸುತ್ತಿತ್ತು. ಅಲ್ಲಿಯೂ ವಸ್ತುವನ್ನು ಆಯ್ದಿಡುತ್ತಿದ್ದವರು ಅಧ್ಯಾಪಕರೇ. ಹೀಗೆ ತಂದೆಯ ಕುಶಲಕರ್ಮ ಮತ್ತು ಶಾಲೆಯ ವಾಸ್ತವವಾದಿ ಅಭ್ಯಾಸ ಎರಡೂ ಹೇಗೆ ಎಂಬುದನ್ನು ಕಲಿಸಿದವೇ ವಿನಾ ಏನು ಎಂಬುದನ್ನು ಕಲಿಸಲಿಲ್ಲ. ಪದವಿ ಪಡೆದ ಮೇಲೆ ಹೆಬ್ಬಾರರು ಜೈನ ಹಸ್ತಪ್ರತಿಗಳ ಚಿತ್ರಗಳತ್ತ, ರಜಪೂತ ಮತ್ತು ಮೊಘಲ್ ಕಿರುಚಿತ್ರಗಳತ್ತ ತಿರುಗಿದುದನ್ನು ಈ ಹಿನ್ನೆಲೆಯಲ್ಲಿ ಗ್ರಹಿಸಬೇಕು. ಅದು ಕೇವಲ ಶೈಲಿಯ ಹುಡುಕಾಟವಾಗಿರಲಿಲ್ಲ. ಕಣ್ಣೆದುರಿನ ವಸ್ತುವಿನ ಪ್ರತಿರೂಪವೇ ಚಿತ್ರವಲ್ಲವೆಂದಾದರೆ ಚಿತ್ರದ ವಸ್ತು ಯಾವುದು ಎಂಬ ಪ್ರಶ್ನೆಯೇ ಆ ಹುಡುಕಾಟವನ್ನು ನಡೆಸುತ್ತಿತ್ತು.

3

ಹೆಬ್ಬಾರರಿಗೆ ಈ ಪ್ರಶ್ನೆಗೆ ಮೊದಲ ಉತ್ತರ ದೊರೆತುದು ಕಟ್ಟಿಂಗೇರಿಯಿಂದಲ್ಲ ಎಂಬುದು ಗಮನಾರ್ಹ. ಬುಡಾಪೆಸ್ಟಿನಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಕಲಿತ ಅಮೃತಾ ಶೇರ್‌ಗಿಲ್ ದಕ್ಷಿಣ ಭಾರತವನ್ನು ಸುತ್ತಿ 1937ರಲ್ಲಿ ರಚಿಸಿದ ಮೂರು ದೊಡ್ಡ ಚಿತ್ರಗಳು (ವಧುವಿನ ಅಲಂಕಾರ, ಬ್ರಹ್ಮಚಾರಿಗಳು, ಸಂತೆಗೆ ಹೊರಟ ದಕ್ಷಿಣದ ಹಳ್ಳಿಗರು) ಆಧುನಿಕ ಭಾರತೀಯ ಕಲೆಯಲ್ಲಿ ಒಂದು ಹೊಸ ವಸ್ತುಕ್ಷೇತ್ರವನ್ನು ತೆರೆದವು. ಅದೇ 1937ರಲ್ಲಿ ಬಾಂಬೆ ಆರ್ಟ್ ಸೊಸೈಟಿ ಶೇರ್‌ಗಿಲ್ಲರ ಮತ್ತೊಂದು ಚಿತ್ರಕ್ಕೆ ಚಿನ್ನದ ಪದಕ ನೀಡಿದಾಗ ಹೆಬ್ಬಾರರು ಮುಂಬಯಿಯಲ್ಲಿ ವಿದ್ಯಾರ್ಥಿಯಾಗಿದ್ದರು. ಶೇರ್‌ಗಿಲ್ಲರ ಪ್ರಭಾವವನ್ನು ಎಲ್ಲ ವಿಮರ್ಶಕರೂ ಗುರುತಿಸಿದ್ದಾರೆ. ಆದರೆ ಆ ಪ್ರಭಾವದ ವೈಚಿತ್ರ್ಯವನ್ನು ಅಷ್ಟಾಗಿ ಯಾರೂ ಎತ್ತಿ ಹೇಳಿದಂತಿಲ್ಲ. ದಕ್ಷಿಣದ ಕರಾವಳಿಯಲ್ಲಿಯೇ ಬೆಳೆದವನಿಗೆ ದಕ್ಷಿಣವನ್ನು ತೋರಿಸಿಕೊಟ್ಟವಳು ಅದನ್ನು ಪ್ರವಾಸಿಯಾಗಿ ಕಂಡ ಕಲಾವಿದೆ. ಕಪ್ಪು ಮೈಬಣ್ಣ, ಬಿಳಿಯ ಬಟ್ಟೆ, ಕೆಂಪು ಮಣ್ಣು ಇವನ್ನು ಹುಟ್ಟಿದಂದಿನಿಂದ ಕಂಡವನು ಅವು ಚಿತ್ರಕ್ಕೆ ತಕ್ಕ ವಸ್ತುಗಳೆಂದು ತಿಳಿದುದು ಇನ್ನೊಬ್ಬರ ಕಣ್ಣಿನಿಂದ.

ಆ ಬಳಿಕ 1940ರ ದಶಕದಲ್ಲಿ ಹೆಬ್ಬಾರರು ಹೋದುದು ಕೇರಳಕ್ಕೆ. ಅವರ ಆ ಕಾಲದ ಚಿತ್ರಗಳಲ್ಲಿ ಬಣ್ಣದ ಹರವು ಚಪ್ಪಟೆಯಾಗುತ್ತದೆ, ನೆರಳುಗಳು ಕಡಿಮೆಯಾಗುತ್ತವೆ, ಆಕೃತಿಗಳ ಅಂಚಿನಲ್ಲಿ ರೇಖೆ ತಲೆಯೆತ್ತುತ್ತದೆ. ಈ ಅವಧಿಯ ಪ್ರಸಿದ್ಧ ಕೃತಿಗೆ ಅವರಿಟ್ಟ ಹೆಸರು ‘ಸನ್ನಿ ಸೌತ್’, ಎಂದರೆ ಬಿಸಿಲಿನ ದಕ್ಷಿಣ. ಈ ಶೀರ್ಷಿಕೆಯನ್ನು ಕುರಿತು ಸ್ವಲ್ಪ ತಡೆದು ಯೋಚಿಸಬೇಕಾಗಿದೆ. ದಕ್ಷಿಣ ಎಂಬುದು ಊರಿನ ಹೆಸರಲ್ಲ, ದಿಕ್ಕಿನ ಹೆಸರು. ದಿಕ್ಕಿನ ಹೆಸರು ನೋಡುವವನು ನಿಂತ ಜಾಗವನ್ನು ಸೂಚಿಸುತ್ತದೆ. ದಕ್ಷಿಣದಲ್ಲಿಯೇ ಇರುವವನಿಗೆ ತನ್ನ ಮನೆ ದಕ್ಷಿಣವಲ್ಲ. ಅದು ಮನೆ, ಗದ್ದೆ, ತೋಟ, ಬೈಲು. ಹೆಬ್ಬಾರರು ಹುಟ್ಟಿದಾಗ ಕಟ್ಟಿಂಗೇರಿ ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು ಎಂದು ಯಾರಾದರೂ ನೆನಪಿಸಬಹುದು. ಆ ಹೆಸರೂ ಸಹ ಕನ್ನಡ ಜಿಲ್ಲೆಯನ್ನು ಎರಡು ಪ್ರಾಂತ್ಯಗಳಿಗೆ ಹಂಚಿದ ಆಡಳಿತಗಾರರು ಹೊರಗೆ ನಿಂತು ಇಟ್ಟದ್ದೇ. ಬಿಸಿಲು ಕೂಡ ಹಾಗೆಯೇ. ದಿನವೂ ಬಿಸಿಲಿನಲ್ಲಿ ದುಡಿಯುವವನು ಅದನ್ನು ತನ್ನ ನಾಡಿನ ಲಕ್ಷಣವೆಂದು ಎತ್ತಿ ಹೇಳುವುದಿಲ್ಲ. ಆದುದರಿಂದ ‘ಸನ್ನಿ ಸೌತ್’ ಎಂಬ ಹೆಸರು ಮುಂಬಯಿಯಲ್ಲಿ ನಿಂತ ಕಣ್ಣಿನದು. ಆ ಚಿತ್ರವನ್ನು ಮೊದಲು ನೋಡಲಿದ್ದ ಪ್ರೇಕ್ಷಕರೂ ಮುಂಬಯಿಯವರೇ.

ಇದನ್ನು ನಾವು ದೋಷವೆಂದು ಹೇಳುತ್ತಿಲ್ಲ. ಊರಿನಿಂದ ದೂರವಾದ ಮೇಲೆಯೇ ಊರು ವಸ್ತುವಾಗುತ್ತದೆ ಎಂಬ ಸಾಮಾನ್ಯ ತತ್ತ್ವಕ್ಕೆ ಇದು ನಿದರ್ಶನ. ಆದರೆ ಇಲ್ಲಿ ಕ್ರಮವನ್ನು ಲಕ್ಷಿಸಬೇಕು. ಮೊದಲು ಪರರ ಕಣ್ಣಿನಲ್ಲಿ ಕಂಡ ದಕ್ಷಿಣ, ಆಮೇಲೆ ನೆರೆಯ ಕೇರಳ, ಅದಕ್ಕೂ ಬಹಳ ತಡವಾಗಿ ನಾಗಮಂಡಲವೇ ಮೊದಲಾದ ತುಳುನಾಡಿನ ಆಚರಣೆಗಳು. ಬರಿಯ ಹಂಬಲದಿಂದ ಚಿತ್ರ ಬರೆಯುವವನ ದಾರಿ ಹೀಗಿರುವುದಿಲ್ಲ. ಅವನು ತನ್ನ ಅಂಗಳದಿಂದಲೇ ಆರಂಭಿಸಿಬಿಡುತ್ತಾನೆ. ಹೆಬ್ಬಾರರು ಅಂಗಳಕ್ಕೆ ಬಂದು ತಲಪಿದ್ದು ಸುತ್ತುಬಳಸಿನ ದಾರಿಯಿಂದ. ಊರು ಅವರಿಗೆ ಗಳಿಕೆಯ ವಸ್ತುವೆಂದು ನಾವು ಹೇಳುವುದು ಈ ಅರ್ಥದಲ್ಲಿ.

4

ಈ ಮಾತನ್ನು ಸಾಹಿತ್ಯದ ಹಾಗೂ ಕಲೆಯ ಒಂದೆರಡು ಸಮೀಪದ ಉದಾಹರಣೆಗಳೊಡನೆ ಇಟ್ಟು ನೋಡುವುದು ಉಚಿತ. ಕರಾವಳಿಯಿಂದ ಪಟ್ಟಣಗಳಿಗೆ ಹೋದ ತಲೆಮಾರುಗಳ ಕಥೆಯನ್ನು ಹೇಳಿದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿಯ ಹೆಸರೇ ಅದರ ದಿಕ್ಕನ್ನು ಸೂಚಿಸುತ್ತದೆ: ಹೋದವನು ಹಿಂತಿರುಗಬೇಕು. ಹೆಬ್ಬಾರರದು ಹಿಂತಿರುಗಿದವನ ಕಥೆಯಲ್ಲ. ಮುಂಬಯಿಯ ಕನ್ನಡ ಲೇಖಕರಲ್ಲಿ ಪ್ರಮುಖರಾದ ಯಶವಂತ ಚಿತ್ತಾಲರಲ್ಲಿ (1928–2014) ಹನೇಹಳ್ಳಿ ಮತ್ತು ಮುಂಬಯಿ ಎರಡೂ ವಸ್ತುಗಳು. ಅವರ ‘ಶಿಕಾರಿ’ (1979) ನಗರದ ಭಯವನ್ನು ನಗರದೊಳಗಿನಿಂದಲೇ ಕಾಣುತ್ತದೆ. ಹೆಬ್ಬಾರರಲ್ಲಿ ಮುಂಬಯಿ ವಸ್ತುವಾಗಿ ಬರುವುದಕ್ಕಿಂತ ಹೆಚ್ಚಾಗಿ ನಿಲುವಾಗಿ ಬರುತ್ತದೆ. ಅದು ಅವರು ನೋಡುವ ಜಾಗ. ನೋಡಲ್ಪಡುವ ಜಾಗ ಬಹುಮಟ್ಟಿಗೆ ಬೇರೆಯದು.

ಚಿತ್ರಕಲೆಯಲ್ಲಿ ಹೋಲಿಕೆಗೆ ಕೆ. ವೆಂಕಟಪ್ಪನವರು (1886–1965) ಒದಗುತ್ತಾರೆ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು, ಗುರುವಿನ ಪ್ರಭಾವದಲ್ಲಿ ಪುರಾಣವಸ್ತುಗಳನ್ನು ಚಿತ್ರಿಸುತ್ತಿದ್ದ ಅವರು ಮೈಸೂರು ಸೀಮೆಗೆ ಹಿಂತಿರುಗಿದ ಮೇಲೆ ಉದಕಮಂಡಲ ಮತ್ತು ಕೊಡೈಕೆನಾಲ್‌ಗಳ ನಿಸರ್ಗದೃಶ್ಯಗಳಿಗೆ ತಿರುಗಿದರು. ಚಿತ್ರದಿಂದ ವೀಣೆಗೆ ಒಲಿದ ತಮ್ಮ ಮನಸ್ಸನ್ನೇ 1926ರ ‘ವೀಣೆಯ ಹುಚ್ಚು’ ಎಂಬ ಕೃತಿಯಲ್ಲಿ ವಸ್ತುವಾಗಿಸಿಕೊಂಡರು. ವೆಂಕಟಪ್ಪನವರ ವಸ್ತುಗಳು ಕ್ರಮೇಣ ನಿರ್ಜನವಾಗುತ್ತ ಹೋದವು: ಮಂಜು, ಸರೋವರ, ಬೆಟ್ಟದ ಮೇಲಿನ ಬೆಳಕು. ಹೆಬ್ಬಾರರ ವಸ್ತುಗಳಲ್ಲಿ ಇದಕ್ಕೆ ವಿರುದ್ಧವಾಗಿ ಜನ ತುಂಬಿಕೊಂಡಿದ್ದಾರೆ. ಸಂಗೀತದ ಕಡೆಗಿನ ಸೆಳೆತ ಇಬ್ಬರಲ್ಲಿಯೂ ಇತ್ತು. ಒಬ್ಬರನ್ನು ಅದು ಏಕಾಂತದ ಕಡೆಗೆ ಒಯ್ದಿತು, ಇನ್ನೊಬ್ಬರನ್ನು ಕುಣಿಯುವ, ದುಡಿಯುವ ಗುಂಪಿನ ಕಡೆಗೆ ಒಯ್ದಿತು.

ಮುಂಬಯಿಯ ಸಮಕಾಲೀನರ ನಡುವೆಯೂ ಹೆಬ್ಬಾರರ ಸ್ಥಾನ ಪ್ರತ್ಯೇಕವಾದುದು. 1947ರಲ್ಲಿ ಸೋಜಾ, ರಝಾ, ಹುಸೇನ್, ಆರಾ, ಗಾಡೆ, ಬಾಕ್ರೆ ಇವರು ಸೇರಿ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪನ್ನು ಕಟ್ಟಿದಾಗ ಅವರು ಅದರ ಹೊರಗಿದ್ದರು. ಆದರೆ ನಗರದ ಕಲಾಜೀವನದಿಂದ ಹೊರಗಿರಲಿಲ್ಲ. 1952ರಲ್ಲಿ ಆರಂಭವಾದ ಜಹಾಂಗೀರ್ ಆರ್ಟ್ ಗ್ಯಾಲರಿಯ ಸ್ಥಾಪನೆಗೆ ಒತ್ತಾಸೆಯಾದವರಲ್ಲಿ ವಿಜ್ಞಾನಿ ಹೋಮಿ ಭಾಭಾ ಅವರೊಡನೆ ಹೆಬ್ಬಾರರ ಹೆಸರೂ ಸೇರಿದೆ. 1949–50ರಲ್ಲಿ ಅವರು ಪ್ಯಾರಿಸ್ಸಿನ ಅಕಾಡೆಮಿ ಜೂಲಿಯನ್ನಿನಲ್ಲಿ ಅಭ್ಯಾಸ ಮಾಡಿ ಬಂದರು. ಅಲ್ಲಿಂದ ತಂದ ತಾಂತ್ರಿಕ ಸ್ವಾತಂತ್ರ್ಯ ಮುಂದಿನ ದಶಕಗಳ ದಪ್ಪ ಬಣ್ಣದ ಮೈವಳಿಕೆಯಲ್ಲಿ ಕಾಣುತ್ತದೆ. ವಸ್ತುವಿನಲ್ಲಿ ಮಾತ್ರ ಅವರು ಪ್ಯಾರಿಸ್ಸನ್ನು ತಂದುಕೊಳ್ಳಲಿಲ್ಲ.

5

ಹೆಬ್ಬಾರರು ವಸ್ತುಗಳನ್ನು ಯಾವ ಒರೆಗಲ್ಲಿಗೆ ಹಚ್ಚಿ ಆರಿಸುತ್ತಿದ್ದರು? ಇದಕ್ಕೆ ಅವರ ಜೀವನದ ಒಂದು ಸಂಗತಿ ಕೀಲಿಕೈಯಾಗಿದೆ. ರೇಖೆಯಲ್ಲಿ ಲಯವನ್ನು ತರಬೇಕೆಂಬ ಹಂಬಲದಿಂದ ಅವರು ಜೈಪುರ ಘರಾಣೆಯ ಪಂಡಿತ ಸುಂದರ ಪ್ರಸಾದರ ಬಳಿ ಕಥಕ್ ನೃತ್ಯವನ್ನು ಕಲಿತರು. ವೇದಿಕೆಯ ಮೇಲೆ ಕುಣಿಯುವುದು ಅವರ ಗುರಿಯಾಗಿರಲಿಲ್ಲ. ಕಣ್ಣಿಗೆ ಕಾಣುವ ಚಲನೆಯನ್ನು ತನ್ನ ಮೈಯಲ್ಲಿ ಅನುಭವಿಸಿ ತಿಳಿಯದೆ ಕೈಯಿಂದ ಬಿಡಿಸಲಾಗದು ಎಂಬ ನಂಬಿಕೆ ಅದರ ಹಿಂದಿತ್ತು. ಜೆ. ಜೆ. ಶಾಲೆಯ ಪಾಠಕ್ರಮ ಮಾಂಸಖಂಡಗಳ ರಚನೆಯನ್ನು ತಿಳಿಸಿ ದೇಹವನ್ನು ಚಿತ್ರಿಸಲು ಕಲಿಸುತ್ತಿತ್ತು. ಹೆಬ್ಬಾರರು ತಾಳದ ಮೂಲಕ ದೇಹವನ್ನು ತಿಳಿಯಲು ಹೊರಟರು.

ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರದಲ್ಲಿ ಮಾರ್ಕಂಡೇಯನು ವಜ್ರನೆಂಬ ಅರಸನಿಗೆ ನೃತ್ಯಶಾಸ್ತ್ರವನ್ನು ಅರಿಯದವನಿಗೆ ಚಿತ್ರಸೂತ್ರ ದುರ್ಬೋಧವೆಂದು ಬೋಧಿಸುತ್ತಾನೆ. ಪ್ರಾಚೀನ ಕಲಾಮೀಮಾಂಸೆಯ ಈ ಮಾತನ್ನು ಪಂಡಿತರು ಪದೇಪದೇ ಉದ್ಧರಿಸುತ್ತಾರೆ; ಅದನ್ನು ತನ್ನ ಕಾಲಿಗೆ ಗೆಜ್ಜೆಯಾಗಿ ಕಟ್ಟಿಕೊಂಡ ಆಧುನಿಕ ಚಿತ್ರಕಾರರು ವಿರಳ. ಇದರ ಪರಿಣಾಮ ಶೈಲಿಗಷ್ಟೇ ಸೀಮಿತವಾಗಲಿಲ್ಲ, ವಸ್ತುವಿನ ಆಯ್ಕೆಗೂ ವ್ಯಾಪಿಸಿತು. ಒಮ್ಮೆ ಲಯವೇ ಮಾನದಂಡವಾದ ಮೇಲೆ ಲೋಕದಲ್ಲಿ ಲಯವುಳ್ಳವೆಲ್ಲ ಒಂದೇ ಸಾಲಿಗೆ ಬಂದವು. ನರ್ತಕಿ, ಮದ್ದಳೆಗಾರ, ಮೀನುಗಾರ, ಹೊರೆ ಹೊತ್ತವಳು, ಕಾದಾಡುವ ಹುಂಜಗಳು, ಮಳೆ, ಹುಣ್ಣಿಮೆಯ ಚಂದ್ರ ಇವೆಲ್ಲ ಬೇರೆಬೇರೆ ವಸ್ತುಗಳಂತೆ ತೋರಿದರೂ ಅವರ ಆಯ್ಕೆಯ ದೃಷ್ಟಿಯಿಂದ ಒಂದೇ ಕುಲದವು. ವಸ್ತು ನೆಪಮಾತ್ರ ಎಂಬ ನಿಲುವು ಇಲ್ಲಿ ತಪ್ಪುತ್ತದೆ. ಹೆಬ್ಬಾರರ ರೇಖೆ ಯಾವ ವಸ್ತುವಿನ ಮೇಲೆ ಬೇಕಾದರೂ ಕುಳಿತುಕೊಳ್ಳುವಂಥದಲ್ಲ. ತನ್ನೊಳಗೆ ಚಲನೆಯಿರುವ ವಸ್ತುವನ್ನೇ ಅದು ಅರಸುತ್ತದೆ. ನಿಶ್ಚಲ ವಸ್ತುಗಳು ಅವರ ಮುಖ್ಯ ಸಾಧನೆಯ ಕ್ಷೇತ್ರವಾಗದೇ ಹೋದುದು ಆಕಸ್ಮಿಕವಲ್ಲ.

ನಾಗಮಂಡಲದಂಥ ವಸ್ತು ಅವರ ಉತ್ತರವಯಸ್ಸಿನಲ್ಲಿ ಏಕೆ ಮಹತ್ತ್ವ ಪಡೆಯಿತೆಂಬುದನ್ನು ಈ ದೃಷ್ಟಿಯಿಂದ ವಿವರಿಸಬಹುದು. ತುಳುನಾಡಿನ ಈ ಆಚರಣೆಯಲ್ಲಿ ಐದು ಬಣ್ಣದ ಹುಡಿಗಳಿಂದ ನೆಲದ ಮೇಲೆ ಹೆಣೆದುಕೊಂಡ ಹಾವಿನ ಮಂಡಲವನ್ನು ಬರೆಯುತ್ತಾರೆ. ಆವೇಶ ಬಂದ ಪಾತ್ರಿಯೂ ವೈದ್ಯರೂ ಆ ಮಂಡಲದ ಸುತ್ತ ರಾತ್ರಿಯಿಡೀ ಕುಣಿಯುತ್ತಾರೆ. ಕಡೆಗೆ ಮಂಡಲ ಅಳಿಯುತ್ತದೆ. ಚಿತ್ರ ಮತ್ತು ನೃತ್ಯ ಇಲ್ಲಿ ಎರಡು ಕಲೆಗಳಲ್ಲ. ಬರೆದ ರೇಖೆಯನ್ನೇ ಕಾಲು ಅನುಸರಿಸುತ್ತದೆ. ಮುಂಬಯಿಯಲ್ಲಿ ಉತ್ತರ ಭಾರತದ ಗುರುವಿನಿಂದ ಕಲಿತ ಪಾಠದ ಬೇರು ತನ್ನ ಊರಿನ ಅಂಗಳದಲ್ಲಿಯೂ ಇದ್ದಿತೆಂಬ ಅರಿವು ಇಂಥ ಚಿತ್ರಗಳ ಹಿಂದೆ ಕೆಲಸ ಮಾಡಿದೆಯೆಂದು ನಾವು ಊಹಿಸುತ್ತೇವೆ. ಇದು ನೆನಪಿನ ಚಿತ್ರವಲ್ಲ, ಗುರುತಿಸುವಿಕೆಯ ಚಿತ್ರ. ನೆನಪು ಹಿಂದಿದ್ದುದನ್ನು ಹಾಗೆಯೇ ತರುತ್ತದೆ. ಗುರುತಿಸುವಿಕೆ ನಡುವೆ ಕಲಿತ ವಿದ್ಯೆಯ ಬೆಳಕಿನಲ್ಲಿ ಹಳೆಯದರ ಅರ್ಥವನ್ನು ಕಾಣಿಸುತ್ತದೆ. ಮಂಡಲವೆಂಬುದು ಒಂದು ವಿನ್ಯಾಸವೆಂದು ಬಾಲ್ಯದಲ್ಲಿ ಕಂಡಿದ್ದಿರಬಹುದು. ಅದು ಕುಣಿತದ ಬರವಣಿಗೆಯೆಂದು ಕಾಣಲು ಕಥಕ್ ಬೇಕಾಯಿತು.

6

ಲಯವೇ ಆಯ್ಕೆಯ ಮಾನದಂಡವಾದಾಗ ಒಂದು ನೈತಿಕ ಪ್ರಶ್ನೆ ಏಳುತ್ತದೆ. ಹೆಬ್ಬಾರರ ಕೃತಿಗಳಲ್ಲಿ ಹಬ್ಬ ಮತ್ತು ನೃತ್ಯದಷ್ಟೇ ಬಡತನ, ದುಡಿಮೆ, ಯುದ್ಧದ ಹಿಂಸೆ ಇವೂ ವಸ್ತುಗಳಾಗಿ ಬಂದಿವೆ. ‘ಹಂಗ್ರಿ ಸೋಲ್’, ಎಂದರೆ ಹಸಿದ ಜೀವ, ಎಂಬ ಹೆಸರಿನ ಕೃತಿಯನ್ನು ಅವರು 1950ರ ದಶಕದ ಆರಂಭದಲ್ಲಿಯೇ ರಚಿಸಿದ್ದರು. ಭಿಕ್ಷುಕರು ಅವರ ರೇಖಾಚಿತ್ರಗಳಲ್ಲಿ ಮತ್ತೆ ಮತ್ತೆ ಬರುತ್ತಾರೆ. ಹಾಡುವ ರೇಖೆ ಹಸಿವನ್ನು ಬಿಡಿಸುವಾಗ ಏನಾಗುತ್ತದೆ? ಅದು ಹಸಿವನ್ನೂ ಹಾಡಾಗಿಸಿಬಿಡುವುದಿಲ್ಲವೆ? ಹೆಬ್ಬಾರರನ್ನು ಮೆಚ್ಚುವವರು ಈ ಪ್ರಶ್ನೆಯನ್ನು ಬದಿಗಿರಿಸಬಾರದೆಂದು ನಮಗೆ ತೋರುತ್ತದೆ.

ದುಡಿಮೆಯ ಮಟ್ಟಿಗೆ ಉತ್ತರ ಹೆಬ್ಬಾರರ ಪರವಾಗಿಯೇ ಇದೆ. ದುಡಿಮೆಗೆ ತನ್ನದೇ ಆದ ಲಯವುಂಟು. ತುಳುನಾಡಿನ ಗದ್ದೆಗಳಲ್ಲಿ ನೇಜಿ ನೆಡುವ ಹೆಂಗಸರು ಓಬೇಲೆ ಹಾಡಿಕೊಂಡು ಸಾಲು ಹಿಡಿದು ಹಿಂದೆ ಸರಿಯುತ್ತಾರೆ. ಮೀನುಗಾರರು ಕೂಗಿಗೆ ಕೈಗೂಡಿಸಿ ಬಲೆ ಎಳೆಯುತ್ತಾರೆ. ಇಲ್ಲಿ ಲಯ ಶ್ರಮದ ಮೇಲೆ ಹೊದಿಸಿದ ಅಲಂಕಾರವಲ್ಲ. ಶ್ರಮವನ್ನು ಸಹ್ಯವಾಗಿಸುವ, ಹಲವರ ಬಲವನ್ನು ಒಂದಾಗಿಸುವ ಉಪಾಯ. ಹೊರೆ ಹೊತ್ತ ದೇಹದ ಬಾಗು ಹೊರೆಯ ತೂಕವನ್ನೇ ಹೇಳುತ್ತದೆ. ಹೆಬ್ಬಾರರ ರೇಖೆ ಕೆಲವೇ ಎಳೆಗಳಲ್ಲಿ ಆ ಬಾಗನ್ನು ಹಿಡಿದಾಗ ಅದು ಬವಣೆಯನ್ನು ಚೆಂದಗಾಣಿಸುತ್ತಿಲ್ಲ, ಬವಣೆಯ ನಿಜವಾದ ಆಕಾರವನ್ನು ಕಂಡುಕೊಳ್ಳುತ್ತಿದೆ. ಅವರ ಅತ್ಯುತ್ತಮ ರೇಖಾಚಿತ್ರಗಳು ಈ ಬಗೆಯವೆಂದು ನಾವು ಭಾವಿಸುತ್ತೇವೆ.

ಹಸಿವಿನ ಸ್ಥಿತಿ ಬೇರೆ. ದುಡಿಮೆಗೆ ಲಯವಿದೆ, ಹಸಿವಿಗೆ ಇಲ್ಲ. ಹಸಿವೆಂದರೆ ಲಯ ನಿಂತುಹೋದ ದೇಹ. 1943ರ ಬಂಗಾಳದ ಕ್ಷಾಮವನ್ನು ಕಂಡು ಬಿಡಿಸಿದ ಇಬ್ಬರು ಕಲಾವಿದರನ್ನು ಇಲ್ಲಿ ಹೋಲಿಕೆಗೆ ತೆಗೆದುಕೊಳ್ಳಬಹುದು. ಮಿಡ್ನಾಪುರದ ಹಳ್ಳಿಗಳಲ್ಲಿ ಅಲೆದು ಚಿತ್ತಪ್ರಸಾದರು ರಚಿಸಿದ ‘ಹಂಗ್ರಿ ಬೆಂಗಾಲ್’ ಎಂಬ ಸಚಿತ್ರ ವರದಿಯ ಪ್ರತಿಗಳನ್ನು ಬ್ರಿಟಿಷ್ ಸರ್ಕಾರ ಮುಟ್ಟುಗೋಲು ಹಾಕಿಕೊಂಡು ನಾಶಪಡಿಸಿತು. ಝೈನುಲ್ ಆಬೆದಿನ್ ಅಗ್ಗದ ಕಾಗದದ ಮೇಲೆ ಒಣಗಿದ ಕುಂಚದಿಂದ ಎಳೆದ ರೇಖೆಗಳು ಒರಟು, ಅಲ್ಲಲ್ಲಿ ಕಡಿದುಹೋದಂಥವು. ಆ ರೇಖೆ ಹಾಡುವುದಿಲ್ಲ. ಹಾಡಲು ಒಲ್ಲೆನೆಂಬುದೇ ಅದರ ಸತ್ಯ. ವಸ್ತು ಕಲಾವಿದನ ಅಭ್ಯಾಸವನ್ನು ಮುರಿದ ಸಂದರ್ಭವಿದು. ಹೆಬ್ಬಾರರ ಹಸಿವಿನ ಚಿತ್ರಗಳಲ್ಲಿ ಇಂಥ ಮುರಿತ ಸಾಮಾನ್ಯವಾಗಿ ಕಾಣುವುದಿಲ್ಲ. ಅವರ ಭಿಕ್ಷುಕನ ತೋಳು ಅವರ ನರ್ತಕಿಯ ತೋಳಿನಷ್ಟೇ ಒನಪಿನಿಂದ ಬಳುಕುತ್ತದೆ. ಅಂಥಲ್ಲಿ ಹಸಿವಿನ ಭಾರವನ್ನು ರೇಖೆಗಿಂತ ಹೆಚ್ಚಾಗಿ ಶೀರ್ಷಿಕೆ ಹೊರಬೇಕಾಗುತ್ತದೆ.

ಹೀಗೆ ಹೇಳುವಾಗ ಅವರ ಪ್ರೇರಣೆಯ ಪ್ರಾಮಾಣಿಕತೆಯನ್ನು ನಾವು ಪ್ರಶ್ನಿಸುತ್ತಿಲ್ಲ. ಮಾರುಕಟ್ಟೆಗೆ ಬೇಡವಾದ ವಸ್ತುಗಳಿಗೆ ಮರಳಿ ಮರಳಿ ಹೋದ ಕಲಾವಿದನ ಮರುಕವನ್ನು ಶಂಕಿಸುವುದು ಅನ್ಯಾಯ. ಗಟ್ಟಿಯಾದ ವೈಯಕ್ತಿಕ ಶೈಲಿಯನ್ನು ಸಾಧಿಸಿದ ಯಾವ ಕಲಾವಿದನಿಗೂ ಎದುರಾಗುವ ತೊಡಕು ಇದು. ಪ್ರೇರಣೆ ಒಂದು ವಸ್ತುವಿನ ಕಡೆಗೆ ಎಳೆಯುತ್ತದೆ. ಕೈ ಮಾತ್ರ ತಾನು ಬಲ್ಲ ದಾರಿಯಲ್ಲಿಯೇ ನಡೆಯುತ್ತದೆ. ಹೆಬ್ಬಾರರಿಗೆ ಈ ತೊಡಕಿನ ಅರಿವು ಒಂದು ಮಟ್ಟದಲ್ಲಿ ಇದ್ದಿರಬೇಕೆಂಬುದಕ್ಕೆ ಅವರ ನಂತರದ ದಶಕಗಳ ವರ್ಣಚಿತ್ರಗಳೇ ಸೂಚನೆ. ಅಲ್ಲಿ ರೇಖೆ ಹಿಂದೆ ಸರಿದು ದಪ್ಪನೆಯ ಬಣ್ಣದ ಒರಟು ಮೈ ಮುಂದೆ ಬರುತ್ತದೆ. ಆಕೃತಿಗಳು ಅದರೊಳಗೆ ಅರ್ಧ ಹುದುಗುತ್ತವೆ. ಯುದ್ಧ ಮತ್ತು ವಿನಾಶದ ವಸ್ತುಗಳಿಗೆ ಈ ಒರಟುತನ ರೇಖೆಯ ನಯಕ್ಕಿಂತ ಹೆಚ್ಚು ಒದಗಿಬಂದಿದೆ. ವಸ್ತು ಶೈಲಿಯನ್ನು ತಿದ್ದಿದ ಕುರುಹುಗಳನ್ನು ಹುಡುಕುವವರು ರೇಖಾಚಿತ್ರಗಳಿಗಿಂತ ಈ ವರ್ಣಚಿತ್ರಗಳನ್ನು ಹೆಚ್ಚು ಎಚ್ಚರದಿಂದ ನೋಡಬೇಕು. ಹೆಬ್ಬಾರರನ್ನು ಕೇವಲ ಹಾಡುವ ರೇಖೆಯ ಕಲಾವಿದರೆಂದು ಕೊಂಡಾಡುವ ರೂಢಿ ಅವರು ತಮ್ಮೊಡನೆ ತಾವು ನಡೆಸಿದ ಈ ಹೋರಾಟವನ್ನೇ ಮರೆಮಾಡುತ್ತದೆ.

7

ಇದುವರೆಗಿನ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಹುಟ್ಟಿದ ನೆಲ ಕಲಾವಿದನಿಗೆ ತಾನಾಗಿಯೇ ವಸ್ತುವಾಗುವುದಿಲ್ಲ. ಅದನ್ನು ವಸ್ತುವಾಗಿಸಲು ಹೊರಗಿನ ಕಣ್ಣೂ ಹೊರಗಿನ ವಿದ್ಯೆಯೂ ಬೇಕಾಗಬಹುದು. ಹೆಬ್ಬಾರರ ಮಟ್ಟಿಗೆ ಆ ಕಣ್ಣು ಶೇರ್‌ಗಿಲ್ಲರದು, ವಿದ್ಯೆ ಕಥಕ್ಕಿನದು, ನಿಂತ ನೆಲ ಮುಂಬಯಿಯದು. ಅಂತಃಪ್ರೇರಣೆಯೆಂಬುದು ಒಳಗಿನಿಂದ ಮಾತ್ರ ಉಕ್ಕುವ ಸಂಗತಿಯೆಂಬ ರಮ್ಯ ಕಲ್ಪನೆಯನ್ನು ಈ ಉದಾಹರಣೆ ಪ್ರಶ್ನಿಸುತ್ತದೆ. ಅಲ್ಲದೆ ಒಬ್ಬ ಕಲಾವಿದನ ಆಯ್ಕೆಯ ಮಾನದಂಡ ಅವನಿಗೆ ಯಾವ ಲೋಕವನ್ನು ತೆರೆಯುತ್ತದೆಯೋ ಇನ್ನಾವುದೋ ಲೋಕವನ್ನು ಮುಚ್ಚಲೂಬಲ್ಲದು. ಲಯ ಹೆಬ್ಬಾರರಿಗೆ ಹಬ್ಬವನ್ನೂ ದುಡಿಮೆಯನ್ನೂ ತೆರೆಯಿತು. ಹಸಿವಿನ ಬಾಗಿಲಲ್ಲಿ ಮಾತ್ರ ಅದು ಬಹುಕಾಲ ಕಾಯಬೇಕಾಯಿತು.

ಹೊರನಾಡಿನ ಸಂಶೋಧಕರಿಗೆ ಇಲ್ಲಿ ಕೆಲಸ ಸಾಕಷ್ಟಿದೆ. 1956ರಿಂದ ಮೂರು ವರ್ಷ ಸತತವಾಗಿ ರಾಷ್ಟ್ರೀಯ ಪುರಸ್ಕಾರ, 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಪಡೆದ ಈ ಕಲಾವಿದರ ಕೃತಿಗಳು ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾಸಂಗ್ರಹಾಲಯ, ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆ ಮೊದಲಾದ ಕಡೆ ಚದರಿವೆ. ಅವರ ಆತ್ಮಕಥನಾತ್ಮಕ ಗ್ರಂಥ ‘ವಾಯೇಜ್ ಇನ್ ಇಮೇಜಸ್’ (1991) ಇಂಗ್ಲಿಷಿನಲ್ಲಿದೆ. ಅವರ ಪ್ರಸಿದ್ಧ ಚಿತ್ರಗಳೆಲ್ಲ ಇಂಗ್ಲಿಷ್ ಶೀರ್ಷಿಕೆಗಳಿಂದಲೇ ಪರಿಚಿತವಾಗಿವೆ. ಚಿತ್ರದ ವಸ್ತು ತುಳುನಾಡಿನದು, ಹೆಸರು ಇಂಗ್ಲಿಷಿನದು, ಪ್ರೇಕ್ಷಕ ಮುಂಬಯಿಯವನು: ಈ ಮೂರರ ನಡುವಿನ ಅಂತರವನ್ನು ಶೀರ್ಷಿಕೆಗಳ ಅಧ್ಯಯನವೊಂದೇ ಬಹಳಷ್ಟು ಬೆಳಗಬಲ್ಲದು. ಮುಂಬಯಿಯ ಪ್ರದರ್ಶನಗಳ ಸೂಚಿಪತ್ರಗಳನ್ನೂ ಅಂದಿನ ಪತ್ರಿಕಾ ವಿಮರ್ಶೆಗಳನ್ನೂ ಕಾಲಾನುಕ್ರಮದಲ್ಲಿ ಜೋಡಿಸಿದರೆ ಯಾವ ವಸ್ತು ಯಾವಾಗ ಪ್ರವೇಶಿಸಿತೆಂಬುದು ಖಚಿತವಾಗುತ್ತದೆ. ನಾವು ಇಲ್ಲಿ ಮಂಡಿಸಿರುವ ಕ್ರಮವೂ ಆಗ ಒರೆಗೆ ಹಚ್ಚಲ್ಪಡುತ್ತದೆ.

ಕನ್ನಡ ಸಂಸ್ಕೃತಿಯ ಚರಿತ್ರೆಯನ್ನು ಬರೆಯುವಾಗ ನಾವು ಸಾಮಾನ್ಯವಾಗಿ ಭಾಷೆಯಲ್ಲಿ ಬರೆದವರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ. ರೇಖೆಗೆ ಭಾಷೆಯಿಲ್ಲವೆಂಬುದು ನಿಜ. ಆದರೆ ಅದು ಯಾವ ಅಂಗಳದ ಮೇಲೆ ನಡೆದು ಬಂದಿತೆಂಬುದನ್ನು ಓದಲು ಬರುತ್ತದೆ. ಆ ಓದನ್ನು ಅಂಗಳದಿಂದ ದೂರವಿರುವವರು ಆರಂಭಿಸುವುದರಲ್ಲಿ ಔಚಿತ್ಯವಿದೆ. ದಕ್ಷಿಣವೆಂಬುದು ದಿಕ್ಕಿನ ಹೆಸರೆಂಬ ಅರಿವು ಹೊರನಾಡಿನಲ್ಲಿ ನಿಂತವರಿಗೆ ಬೇಗ ಬರುತ್ತದೆ.